ಸಿಡಿಲು ನುಂಗೋ ಡಬ್ಬಿ, ಜೊತೆಗೆ ನಾನು

ಈಗ ಹೇಳೋದನ್ನು ನೀವು ನಂಬಲ್ಲ. ಬೇಡ, ನಂಬಬೇಡಿ. ಕೊನೇವರೆಗೂ ನಂಬದೆ ಕೂತಿರೋಕೆ ನಿಮ್ಮ ಕೈಲಾಗುತ್ತಾ ಅಂತ ನಾನೂ ನೋಡೇಬಿಡ್ತೀನಿ. ನಮ್ಮೂರಿನ ಅರಳಿಕಟ್ಟೆಯಲ್ಲಿ ಇದನ್ನೇ ಹೇಳಿದಾಗ ಶುರುವಿನಲ್ಲಿ ನಕ್ಕವರು ಆಮೇಲೆ ಬೀಡಿ ಹಚ್ಚೋದನ್ನೇ ಮರೆತು ಕೂತಿದ್ದರು.

ಬೇರೆಯವರ ಬದುಕಿನಲ್ಲಿ ಸಿಡಿಲು ಯಾವಾಗಲೋ ಒಮ್ಮೆ ಬೀಳುತ್ತೆ. ನನಗೆ ಅದೇ ಹೊಟ್ಟೆಪಾಡು. ಎಂಬತ್ತರ ದಶಕದಲ್ಲಿ ನಾನು ಜೆ.ಪಿ. ನಗರದ ಒಂದು ಶೆಡ್ಡಿನಲ್ಲಿ ಕೆಲಸಕ್ಕೆ ಸೇರಿದೆ. ರೈಲ್ವೆ ಸಿಗ್ನಲ್ಲಿನ ಎಲೆಕ್ಟ್ರಾನಿಕ್ ಸಾಮಾನು ಸಿಡಿಲಿಗೆ ಸುಟ್ಟುಹೋಗದ ಹಾಗೆ ಕಾಯೋ ಡಬ್ಬಿಯನ್ನು ಅಲ್ಲಿ ಮಾಡ್ತಿದ್ದರು. ಆ ಶೆಡ್ಡಿನಲ್ಲಿ ಏನಾದರೊಂದು ಆಗ್ತಾನೇ ಇರ್ತಿತ್ತು. ನಾನಿದ್ದಿದ್ದರಿಂದಲೇ ಹಾಗೆಲ್ಲ ಆಯ್ತು ಅಂತ ಕೆಲವರು ಅಂತಾರೆ. ನಾನಿದ್ದಿದ್ದರಿಂದ ಅಷ್ಟಕ್ಕೇ ನಿಂತಿತು ಅಂತ ನಾನು ಅಂತೀನಿ.

ಬಂದಿದ್ದು ಮರಕ್ಕೆ

ಯಜಮಾನರು ಜಯನಗರದವರು, ಇಂಜಿನಿಯರ್ರು, ಮೆಲ್ಲಗೆ ಮಾತಾಡೋರು. ಕೋಪ ಬಂದರೆ ಕನ್ನಡಕ ತೆಗೆದು ಒರೆಸ್ತಿದ್ದರು, ಅಷ್ಟೇ. ನಾನು ಕೆಲಸ ಕೇಳಿಕೊಂಡು ಹೋದ ದಿನ ನನ್ನ ಐ.ಟಿ.ಐ. ಸರ್ಟಿಫಿಕೇಟು ಬಿಚ್ಚಿ ಕೂಡ ನೋಡಲಿಲ್ಲ.

"ಸಿಡಿಲು ಹತ್ತಿರದಿಂದ ನೋಡಿದ್ದೀಯೇನಪ್ಪ?" ಅಂದರು.

"ನೋಡಿದೀಯಾ ಅಂತ ಕೇಳ್ತೀರಲ್ಲ ಸಾರ್! ನಮ್ಮ ಹಿತ್ತಲಿನ ತೆಂಗಿನಮರಕ್ಕೆ ಹೊಡೀತು. ನಾನು ಇಲ್ಲಿ, ಮರ ನಿಮ್ಮ ಆ ಬೀರು ಇದೆಯಲ್ಲ, ಅಲ್ಲಿ."

"ಓಡಲಿಲ್ವೇ?"

"ನಾನ್ಯಾಕೆ ಓಡ್ಲಿ ಸಾರ್? ಅದು ಬಂದಿದ್ದು ಮರಕ್ಕೆ."

ಯಜಮಾನರು ಕನ್ನಡಕ ತೆಗೆದರು. ಮೂಲೆಯಲ್ಲಿ ಕೂತು ಬೆಸುಗೆ ಹಾಕ್ತಿದ್ದ ಒಬ್ಬಳು ಅಕ್ಕ ತಲೆ ಎತ್ತದೆ, "ಸಾರ್, ಇವನನ್ನ ಇಟ್ಕೊಳ್ಳಿ. ಸಿಡಿಲಿಗೂ ಇವನು ಬೇಡವಂತೆ" ಅಂದಳು. ಶೆಡ್ಡಿನ ಬೆಸುಗೆ ಕೆಲಸವೆಲ್ಲ ಅವಳದೇ. ಬಿ.ಟಿ.ಎಂ. ಲೇಔಟಿನ ಕಡೆಯಿಂದ, ಆಗಿನ್ನೂ ಕಲ್ಲು ನೆಟ್ಟು ಬಿಟ್ಟಿದ್ದ ಖಾಲಿ ಸೈಟುಗಳ ನಡುವೆ, ದಿನಾ ನಡೆದೇ ಬರ್ತಿದ್ದಳು. ಅವಳ ಕೈಯಲ್ಲಿದ್ದ ಕಾದ ಕಡ್ಡಿಗಿಂತ ಬಾಯಿ ಬಿಸಿ.

ಆಮೇಲೆ ಯಜಮಾನರು ಕೆಲಸ ವಿವರಿಸಿದರು. ರೈಲು ಹಳಿ ಅಂದರೆ ಮೈಲಿಗಟ್ಟಲೆ ಕಬ್ಬಿಣ, ಅದರ ಪಕ್ಕದಲ್ಲೇ ಮೈಲಿಗಟ್ಟಲೆ ತಂತಿ. ಸಿಡಿಲು ಎಲ್ಲೋ ದೂರದ ಹೊಲದಲ್ಲಿ ಬಿದ್ದರೂ ಅದರ ಝಟ್ಕಾ ತಂತಿ ಹಿಡಿದು ಓಡಿ ಬಂದು ಸಿಗ್ನಲ್ಲಿನ ಪೆಟ್ಟಿಗೆಯೊಳಗೆ ನುಗ್ಗುತ್ತೆ. ಹಳೇ ಕಾಲದ ದಪ್ಪ ರಿಲೇ ಸ್ವಿಚ್ಚುಗಳಾದರೆ ಒಂದು ಸಲ ಕೆಮ್ಮಿ ಸುಮ್ಮನಾಗ್ತಿದ್ದವು. ಹೊಸದಾಗಿ ಬಂದ ಎಲೆಕ್ಟ್ರಾನಿಕ್ ಕಾರ್ಡುಗಳು ಹೊಸ ಅಳಿಯನ ಹಾಗೆ; ಯಾರೋ ದೂರದಲ್ಲಿ ಗದರಿದರೂ ಮುನಿಸಿಕೊಂಡು ಮಲಗಿಬಿಡ್ತವೆ. ಅವು ಮಲಗಿದರೆ ಸಿಗ್ನಲ್ಲು ಕೆಂಪಿಗೆ ನಿಲ್ಲುತ್ತೆ. ರೈಲು ಹೊಲಗಳ ಮಧ್ಯೆ ನಿಲ್ಲುತ್ತೆ. ರೈಲಿನಲ್ಲಿರೋರು ಇಳಿದು ಯಾರದೋ ಕಡ್ಲೆಕಾಯಿ ಗಿಡ ಕೀಳ್ತಾರೆ.

"ನಮ್ಮ ಡಬ್ಬಿ ಆ ಝಟ್ಕಾನ ಒಳಗೆ ಬಿಡದೆ ಭೂಮಿಗೆ ಇಳಿಸುತ್ತೆ. ಅರ್ಥ ಆಯ್ತೇ?"

"ಆಯ್ತು ಸಾರ್. ಕೆರೆಗೆ ಕೋಡಿ ಇದ್ದ ಹಾಗೆ. ನೀರು ಜಾಸ್ತಿಯಾದ್ರೆ ಕೋಡಿ ಮೇಲೆ ಹೋಗುತ್ತೆ, ಏರಿ ಉಳ್ಕೊಳ್ಳುತ್ತೆ."

"ಸರಿಯಾಗೇ ಹೇಳ್ದೆ" ಅಂದರು. "ಆದರೆ ರೈಲ್ವೆಯವರ ಮುಂದೆ ಮಾತ್ರ ಕೆರೆ ವಿಷಯ ಎತ್ತಬೇಡ."

ಕೆಲಸ ಸಿಕ್ಕಿತು, ಆದರೆ ಟೆಂಪರರಿ. ನಮ್ಮ ಮೊದಲ ಡಬ್ಬಿಯನ್ನು ಒಂದು ಸ್ಟೇಷನ್ನಿನಲ್ಲಿ ಕೂರಿಸಿ ಒಂದು ಮಳೆಗಾಲ ನೋಡ್ತೀವಿ ಅಂತ ರೈಲ್ವೆಯವರು ಹೇಳಿದ್ದರು. ಡಬ್ಬಿ ಪಾಸಾದರೆ ಆರ್ಡರು ಬರುತ್ತೆ, ನಾನು ಕಾಯಂ. "ಫೇಲಾದ್ರೆ ಸಾರ್?" ಅಂದೆ.

"ಫೇಲಾದ್ರೆ ನಾನೇ ಶೆಡ್ಡಿಗೆ ಬೀಗ ಹಾಕ್ತೀನಿ. ಬೀಗದ ಹೊರಗೆ ನಿಂತು ನೀನು ಏನು ಕೆಲಸ ಮಾಡ್ತೀಯ?"

ನನಗೆ ಇದು ಚೆಲ್ಲಾಟದ ವಿಷಯ ಆಗಿರಲಿಲ್ಲ. ಊರಿನ ಹಿಟ್ಟಿನ ಗಿರಣಿಯಲ್ಲಿ ನನಗಿದ್ದ ಜಾಗವನ್ನು ಚಿಕ್ಕಪ್ಪನ ಮಗನಿಗೆ ಬಿಟ್ಟುಕೊಟ್ಟು, ಬಸ್ ಹತ್ತೋ ಮುಂಚೆ, "ನಾನಿನ್ನು ರೈಲ್ವೆ ಇಂಜಿನಿಯರ್ರು, ಇನ್ನೇನಿದ್ರೂ ರಜಕ್ಕೆ ಬರ್ತೀನಿ" ಅಂತ ಸಾರಿ ಬಂದಿದ್ದೆ. ಹಿಂತಿರುಗಿದರೆ ರಾಗಿ ಬೀಸೋ ಕೆಲಸವೂ ಇಲ್ಲ.

ಚಿಗುರ್ತಾ?

ಡಬ್ಬಿ ಝಟ್ಕಾನ ಭೂಮಿಗೆ ಇಳಿಸಬೇಕು ಅಂದರೆ ಭೂಮಿ ಅದನ್ನು ತಗೋಬೇಕು. ಅದಕ್ಕೆ ಅರ್ತಿಂಗ್ ಗುಂಡಿ ಬೇಕು. ಆಳಕ್ಕೆ ಅಗೆದು, ಕಬ್ಬಿಣದ ಪೈಪು ನಿಲ್ಲಿಸಿ, ಸುತ್ತ ಒಂದು ಪದರ ಉಪ್ಪು, ಒಂದು ಪದರ ಇದ್ದಿಲು ತುಂಬಿ, ದಿನಾ ನೀರು ಹುಯ್ಯಬೇಕು. ಒಣಗಿದರೆ ಕೆಲಸ ಮಾಡಲ್ಲ. ಡಬ್ಬಿ ಪರೀಕ್ಷೆ ಮಾಡೋಕೆ ನಮ್ಮ ಶೆಡ್ಡಿನ ಮುಂದೆಯೇ ಒಂದು ಗುಂಡಿ ಮಾಡು ಅಂದರು ಯಜಮಾನರು.

ಪುಟ್ಟೇನಹಳ್ಳಿ ಅಂಗಡಿಗೆ ಹೋಗಿ ಒಂದು ಮೂಟೆ ಕಲ್ಲುಪ್ಪು, ಒಂದು ಮೂಟೆ ಇದ್ದಿಲು ಕೇಳಿದೆ. ಅಂಗಡಿಯವನು, "ಮದುವೆಗಾ, ತಿಥಿಗಾ?" ಅಂದ.

"ಸಿಡಿಲಿಗೆ" ಅಂದೆ. ದುಡ್ಡು ಮೊದಲು ಎಣಿಸಿಕೊಂಡು ತೂಕ ಹಾಕಿದ.

ಗುಂಡಿ ತೋಡೋದು ನನಗೆ ಲೆಕ್ಕಕ್ಕಿಲ್ಲ. ಕಷ್ಟ ಶುರುವಾಗಿದ್ದು ನೀರಿನಿಂದ. ಬೇಸಿಗೆ. ಬೀದಿಗೆಲ್ಲ ಒಂದೇ ಕೊಳಾಯಿ. ಬೆಳಗ್ಗೆ ಸ್ವಲ್ಪ ಹೊತ್ತು ಬರೋ ನೀರಿಗೆ ಬಿಂದಿಗೆಗಳು ಬಾಲ ಬೆಳೆಸಿಕೊಂಡು ನಿಂತಿರ್ತಿದ್ದವು. ಆ ಸಾಲಿಗೆ ಒಬ್ಬಳು ಅಜ್ಜಿ ಯಜಮಾನಿ. ಅವಳು ಹೂಂ ಅಂದರೆ ನೀರು, ಇಲ್ಲ ಅಂದರೆ ಇಲ್ಲ. ಅವಳ ಕಣ್ಣೆದುರೇ ನಾನು ಎರಡು ಬಿಂದಿಗೆ ಹಿಡಿದುಕೊಂಡು ಹೋಗಿ, ಒಂದು ಹನಿ ಬಿಡದೆ ಗುಂಡಿಗೆ ಹುಯ್ದೆ.

ಸಾಲಿನ ಕತ್ತುಗಳೆಲ್ಲ ಗುಂಡಿ ಕಡೆ ತಿರುಗಿದವು.

"ಏನ್ ಮಗ, ಅದರಲ್ಲಿ ಏನು ನೆಟ್ಟಿದೀಯ?" ಅಂದಳು ಅಜ್ಜಿ.

"ಕಬ್ಬಿಣದ ಪೈಪು ಅಜ್ಜಿ."

ಅಜ್ಜಿ ಗುಂಡಿಯೊಳಗೆ ಬಗ್ಗಿ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. "ಚಿಗುರ್ತಾ?"

ಸಾಲಿಗೆ ಸಾಲೇ ನಕ್ಕಿತು. ನಾನು ಸುಮ್ಮನಿರೋ ಪೈಕಿ ಅಲ್ಲ. "ಅಜ್ಜಿ, ಇದು ರೈಲ್ವೆ ಕೆಲಸ. ಇಲ್ಲಿ ನೀರು ಹಾಕಿದ್ರೆ ಅಲ್ಲಿ ರೈಲು ಓಡುತ್ತೆ" ಅಂದೆ.

"ನಮ್ಮನೇಲಿ ಅನ್ನಕ್ಕೆ ಇಡೋಕೆ ನೀರಿಲ್ಲ, ಇವನು ರೈಲಿಗೆ ನೀರು ಕುಡಿಸ್ತಾನಂತೆ! ನಾಳೆಯಿಂದ ಇವನ ಬಿಂದಿಗೆ ಇಲ್ಲಿ ಕಾಣಬಾರದು ಕಣ್ರೇ."

ಅಜ್ಜಿಯ ಆಜ್ಞೆ ಅಂದರೆ ಆಜ್ಞೆ. ಗುಂಡಿ ಒಣಗತೊಡಗಿತು. ಕೊನೆಗೆ ನಾನೇ ಉಪಾಯ ಹೂಡಿದೆ. ಕೊಳಾಯಿ ಹತ್ತಿರ ನಿಂತು, "ಅಕ್ಕಂದಿರೇ, ಒಳ್ಳೆ ನೀರು ನೀವೇ ಇಟ್ಕೊಳ್ಳಿ. ಪಾತ್ರೆ ತೊಳೆದ ನೀರು, ಬಟ್ಟೆ ಒಗೆದ ನೀರು ಬೀದಿಗೆ ಚೆಲ್ಲೋ ಬದಲು ನನ್ನ ಗುಂಡಿಗೆ ಚೆಲ್ಲಿ" ಅಂದೆ. ಮೋರಿ ಇಲ್ಲದ ಬೀದಿ. ಅವರಿಗೂ ಅನುಕೂಲ. ಅವತ್ತಿನಿಂದ ಬೂದಿ ನೀರು, ಸೋಪಿನ ನೀರು, ಅಕ್ಕಿ ತೊಳೆದ ನೀರು, ಎಲ್ಲಾ ನಮ್ಮ ಗುಂಡಿಗೇ. ವಾರ ಕಳೆದ ಮೇಲೆ ಯಜಮಾನರು ಮೀಟರು ಇಟ್ಟು ನೋಡಿದರು. ತಿರುಗಿಸಿ ನೋಡಿದರು. ಅಷ್ಟು ಒಳ್ಳೆ ಅರ್ತಿಂಗ್ ತಮ್ಮ ಸರ್ವೀಸಿನಲ್ಲೇ ನೋಡಿಲ್ಲ ಅಂದರು.

ನಾನು ಈ ಸುದ್ದಿಯನ್ನು ಕೊಳಾಯಿ ಹತ್ತಿರ ಹೋಗಿ ಜೋರಾಗಿ ಹೇಳಿದೆ. ಅಜ್ಜಿಗೆ ಆಶ್ಚರ್ಯವೇ ಆಗಲಿಲ್ಲ.

"ಮತ್ತೆ? ಬೇರು ಹಿಡಿದಿದೆ ಅಂತ ಅರ್ಥ" ಅಂದಳು.

ನಮ್ಮದೇ ಸಿಡಿಲು

ಆಕಾಶದ ಸಿಡಿಲಿಗೆ ಕಾಯ್ತಾ ಕೂತರೆ ಡಬ್ಬಿ ಪರೀಕ್ಷೆ ಮಾಡೋದು ಯಾವಾಗ? ಅದಕ್ಕೆ ಶೆಡ್ಡಿನ ಮೂಲೆಯಲ್ಲಿ ನಮ್ಮದೇ ಒಂದು ಸಣ್ಣ ಸಿಡಿಲಿತ್ತು. ಒಂದು ಮೇಜಿನ ಮೇಲೆ ದೊಡ್ಡ ದೊಡ್ಡ ಕೆಪಾಸಿಟರು. ಅವಕ್ಕೆ ಕರೆಂಟು ತುಂಬಿಸಿ ಒಂದೇ ಸಲಕ್ಕೆ ಡಬ್ಬಿ ಮೇಲೆ ಬಿಡೋದು. ಠಪ್ ಅಂತ ಸದ್ದು, ನೀಲಿ ಕಿಡಿ, ಬೀದಿನಾಯಿ ಪರಾರಿ.

ಇದಕ್ಕೊಂದು ಕಟ್ಟುನಿಟ್ಟು. ಹೊಡೆದಾದ ಮೇಲೂ ಕೆಪಾಸಿಟರಿನ ಹೊಟ್ಟೆಯಲ್ಲಿ ಚೂರುಪಾರು ಉಳಿದಿರುತ್ತೆ. ಅದಕ್ಕೇ ಮುಟ್ಟೋ ಮುಂಚೆ, ತುದಿಗೆ ತಾಮ್ರ ಕಟ್ಟಿ ಭೂಮಿಗೆ ತಂತಿ ಎಳೆದ ಒಂದು ಬಿದಿರುಕೋಲನ್ನು ಅದಕ್ಕೆ ತಾಗಿಸಬೇಕು. ಉಳಿದಿದ್ದೆಲ್ಲ ಇಳಿದುಹೋಗುತ್ತೆ.

ಒಂದಿನ ಹೊಡೆದಾಯ್ತು. ಮೀಟರಿನ ಮುಳ್ಳು ಸೊನ್ನೆಗೆ ಬಂತು. ನಾನು ಕೈ ಹಾಕೋಕೆ ಹೋದೆ.

"ಲೋ, ಕೋಲು ತಾಗಿಸೋ" ಅಂದಳು ಅಕ್ಕ.

"ಮುಳ್ಳು ಸೊನ್ನೇಲಿದೆ ಅಕ್ಕ. ಅದೂ ಅಲ್ದೆ ಬರಿಗಾಲಲ್ಲಿ ಗದ್ದೆ ತುಳಿದ ಮೈ ಇದು. ನಮ್ಮೂರವರಿಗೆ ಕರೆಂಟು ಹಿಡಿಯಲ್ಲ."

ಇದಾದ ಮೇಲೆ ನನಗೆ ನೆನಪಿರೋದು ಶೆಡ್ಡಿನ ಶೀಟು. ಕೆಳಗಿನಿಂದ ನೋಡಿದರೆ ಅದರಲ್ಲಿ ಎಷ್ಟು ತೂತುಗಳಿದ್ದವು ಅಂತ ಅವತ್ತೇ ಗೊತ್ತಾಗಿದ್ದು. ನಾನು ರಟ್ಟಿನ ಪೆಟ್ಟಿಗೆಗಳ ಗುಡ್ಡೆಯ ಮೇಲೆ ಅಂಗಾತ ಬಿದ್ದಿದ್ದೆ. ಯಜಮಾನರು ಓಡಿ ಬಂದರು. ನನ್ನ ನಾಡಿ ಹಿಡಿದು ನೋಡಿದರು. ನಾಡಿ ಸಿಕ್ಕಿದ ಮೇಲೆ ಮೇಜಿನ ಕಡೆ ತಿರುಗಿದರು.

"ಇವನು ಮುಟ್ಟುವಾಗ ಮೀಟರು ಎಷ್ಟು ತೋರಿಸ್ತಿತ್ತು?"

"ಸೊನ್ನೆ ಸಾರ್" ಅಂದಳು ಅಕ್ಕ.

"ಸೊನ್ನೆ ಇದ್ರೂ ಅಲ್ಲಿಂದ ಇಲ್ಲಿಗೆ ಬಂದ್ನೇ?"

"ಒಂದೇ ನೆಗೆತಕ್ಕೆ ಸಾರ್."

ಯಜಮಾನರು ಕನ್ನಡಕ ಒರೆಸಿದರು. "ಹಾಗಾದ್ರೆ ಇವನು ಸರಿಯಾಗಿದಾನೆ. ಕೆಟ್ಟಿರೋದು ಮೀಟರು."

ಮೀಟರನ್ನು ರಿಪೇರಿಗೆ ಕೊಟ್ಟರು. ಅದು ವಾಪಸ್ ಬರೋವರೆಗೂ, ಚಾರ್ಜು ಉಳಿದಿದೆಯೋ ಇಲ್ಲವೋ ಅಂತ ಅನುಮಾನ ಬಂದಾಗಲೆಲ್ಲ ಅಕ್ಕ ಕೋಲು ಹುಡುಕ್ತಿರಲಿಲ್ಲ. ನನ್ನ ಹೆಸರು ಕೂಗ್ತಿದ್ದಳು.

ಅಪ್ಪ ರೈಲು ನೋಡೋಕೆ ಬಂದಿದ್ದು

ನಾನು ಊರಲ್ಲಿ ಹೇಳಿ ಬಂದಿದ್ದು ನಾಲ್ಕು ಹಳ್ಳಿ ಸುತ್ತಿ ನಮ್ಮಪ್ಪನ ಕಿವಿಗೆ ವಾಪಸ್ ಬರೋ ಹೊತ್ತಿಗೆ, ನಾನು ಕೈ ಎತ್ತಿದರೆ ರೈಲು ನಿಲ್ಲುತ್ತೆ ಅನ್ನೋ ಮಟ್ಟಕ್ಕೆ ಬೆಳೆದಿತ್ತು. ಅಪ್ಪ ಒಂದಿನ ಕತ್ರಿಗುಪ್ಪೆಯ ನನ್ನ ರೂಮಿಗೆ ಬಂದಿಳಿದರು. ಹೆಗಲ ಮೇಲೆ ಶುಭ್ರ ಟವಲು. ಕೈಯಲ್ಲಿ ಅಮ್ಮ ಕೊಟ್ಟ ಹುರಳಿಕಾಳಿನ ಗಂಟು.

"ನಡಿ, ನಿನ್ನ ರೈಲು ತೋರಿಸು" ಅಂದರು.

ಶೆಡ್ಡಿಗೆ ಕರೆದುಕೊಂಡು ಹೋದೆ. ಅಪ್ಪ ಒಳಗೆ ಬಂದು ಮೇಜು ನೋಡಿದರು, ತಂತಿ ನೋಡಿದರು, ಅಕ್ಕನಿಗೆ ಕೈ ಮುಗಿದರು. ಶೆಡ್ಡಿನ ಹಿಂದುಗಡೆ ಹೋಗಿ ಅಲ್ಲೂ ನೋಡಿಕೊಂಡು ಬಂದರು.

"ಹಳಿ ಎಲ್ಲಿ?"

"ಹಳಿ ಇಲ್ಲಿಗೆ ಬರಲ್ಲಪ್ಪ. ನಾವು ಮಾಡೋ ಡಬ್ಬಿ ಹಳಿ ಹತ್ತಿರ ಹೋಗುತ್ತೆ."

"ಹೋಗಿದೆಯಾ?"

"ಇನ್ನೂ ಇಲ್ಲ. ಮುಂದಿನ ವಾರ ಹೋಗುತ್ತೆ."

"ಅಂದ್ರೆ ರೈಲ್ವೆಗೂ ನಿನಗೂ ಸಂಬಂಧ ಇನ್ನೂ ಆಗಿಲ್ಲ."

"ಆಗಿದೆಯಪ್ಪ! ರೈಲ್ವೆಗೆ ಬೇಕಾದ ಸಾಮಾನು ನಾವು ಕೊಡ್ತೀವಿ ಅಂದ್ಮೇಲೆ ನಾವೂ ರೈಲ್ವೆಯವರೇ."

ಅಪ್ಪ ಟವಲು ಕೊಡವಿ ಇನ್ನೊಂದು ಹೆಗಲಿಗೆ ಹಾಕಿಕೊಂಡರು. "ಆಗಲಿ ಬಿಡು. ಹಾಗಾದ್ರೆ ಮದುವೆ ಮನೆಗೆ ಬಾಳೆಎಲೆ ಮಾರಿದವನೂ ಬೀಗನೇ."

ಅಕ್ಕ ಮೇಜಿನ ಕೆಳಗೆ ಏನೋ ಬೀಳಿಸಿಕೊಂಡೋರ ಹಾಗೆ ಬಗ್ಗಿದಳು. ಬಹಳ ಹೊತ್ತು ಹುಡುಕಿದಳು.

ಬಸ್ ಹತ್ತಿಸೋಕೆ ಬನಶಂಕರಿಗೆ ಹೋದೆವು. ಅಲ್ಲಿ ಅಪ್ಪ ತಮಾಷೆ ಬಿಟ್ಟು ಕೇಳಿದರು. "ಈ ಡಬ್ಬಿ ಪಾಸಾಗಲಿಲ್ಲ ಅಂದ್ರೆ?"

"ಪಾಸಾಗುತ್ತೆ."

"ಗಿರಣೀಲಿ ನಿನ್ನ ಜಾಗ ಹೋಯ್ತು. ಹೊಲದಲ್ಲಿ ನಿಮ್ಮಣ್ಣ ಇದಾನೆ."

"ಪಾಸಾಗುತ್ತೆ ಅಂದ್ನಲ್ಲಪ್ಪ."

ಅಪ್ಪ ಬಸ್ ಹತ್ತಿ ಕಿಟಕಿ ಪಕ್ಕ ಕೂತರು. "ಊರಲ್ಲಿ ಕೇಳಿದ್ರೆ ರೈಲು ನೋಡ್ದೆ ಅಂತಲೇ ಹೇಳ್ತೀನಿ. ಬಣ್ಣ ಯಾವುದು ಅಂತ ಮಾತ್ರ ನೀನು ಹೇಳಿಬಿಡು" ಅಂದರು.

ತುಂಬಿದೆಯೋ ಖಾಲಿಯೋ

ಡಬ್ಬಿಯನ್ನು ಕೂರಿಸಬೇಕಾದ ಸ್ಟೇಷನ್ನು ಊರಾಚೆ, ಸಣ್ಣದು. ಹೆಸರು ಬೇಡ. ಯಜಮಾನರ ಹತ್ತಿರ ಇದ್ದಿದ್ದು ಒಂದು ಹಳೇ ಸ್ಕೂಟರು. ಅದರಲ್ಲಿ ಅವರು ಮುಂದೆ ಹೋದರು. ನಾನು ಡಬ್ಬಿ ತೊಡೆ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೊರಟೆ. ಡಬ್ಬಿ ಒಂದು ಕೋಳಿ ಗೂಡಿನಷ್ಟು ದೊಡ್ಡದು, ಬೂದು ಬಣ್ಣ, ನಾಲ್ಕು ಕಡೆ ತಂತಿ ಇಳಿಬಿದ್ದಿತ್ತು.

ಕಂಡಕ್ಟರ್ ಬಂದ. "ಲಗೇಜ್ ತಗೋಬೇಕು. ಏನದು?"

ನಾನು ಸುಳ್ಳು ಹೇಳೋನಲ್ಲ. "ಸಿಡಿಲು ನುಂಗೋ ಡಬ್ಬಿ."

ನನ್ನ ಪಕ್ಕ ಕೂತಿದ್ದವರು ಎದ್ದು ನಿಂತರು. ಹಿಂದಿನ ಸೀಟಿನವರೂ ಎದ್ದರು. ನಿಲ್ಲೋಕೂ ಜಾಗ ಇಲ್ಲದ ಬಸ್ಸಿನಲ್ಲಿ ನನ್ನ ಸುತ್ತ ಮಾತ್ರ ಒಂದು ಕಲ್ಯಾಣಮಂಟಪದಷ್ಟು ಜಾಗವಾಯಿತು. ಕಂಡಕ್ಟರ್ ಎರಡು ಹೆಜ್ಜೆ ಹಿಂದೆ ನಿಂತೇ ಕೇಳಿದ.

"ಈಗ ತುಂಬಿದೆಯೋ, ಖಾಲಿಯೋ?"

"ಖಾಲಿ."

"ಖಾಲಿ ಡಬ್ಬಿಗೆ ಲಗೇಜ್ ಇಲ್ಲ" ಅಂದ. "ತುಂಬಿದ್ಮೇಲೆ ದಯವಿಟ್ಟು ಬೇರೆ ಬಸ್ಸಲ್ಲಿ ಬಾ ಗುರು."

ಜೋರಾಗಿ ಹೇಳ್ತೀನಿ

ಡಬ್ಬಿ ಕೂರಿಸಿ ಬಂದೆವು. ಮಳೆ ಶುರುವಾಯಿತು. ಮೋಡ ಕವಿದಾಗಲೆಲ್ಲ ನಾನು ಶೆಡ್ಡಿನ ಬಾಗಿಲಲ್ಲಿ ನಿಂತು ಸ್ಟೇಷನ್ನಿನ ದಿಕ್ಕು ನೋಡ್ತಿದ್ದೆ. ಸಿಡಿಲು ಉತ್ತರಹಳ್ಳಿ ಕಡೆ ಬೀಳ್ತಿತ್ತು, ಪುಟ್ಟೇನಹಳ್ಳಿ ಕೆರೆ ಮೇಲೆ ಬೀಳ್ತಿತ್ತು. "ಅಲ್ಲಲ್ಲ, ಆ ಕಡೆ, ಆ ಕಡೆ" ಅಂತ ನಾನು ಕೈ ಬೀಸ್ತಿದ್ದೆ. ಅಕ್ಕ, "ಬಿ.ಟಿ.ಎಸ್. ಬಸ್ಸೇನೋ ಅದು, ಕೈ ತೋರಿಸಿದ್ರೆ ತಿರುಗೋಕೆ?" ಅಂತಿದ್ದಳು.

ಕೊನೆಗೆ ಸ್ಟೇಷನ್ ಕಡೆಯೂ ಚೆನ್ನಾಗಿ ಗುಡುಗಿತು. ಮಾರನೇ ದಿನ ನಾನೂ ಯಜಮಾನರೂ ಓಡಿದೆವು. ಪಾಸು ಫೇಲು ಬರೆಯಬೇಕಾದ ರೈಲ್ವೆ ಇನ್ಸ್‌ಪೆಕ್ಟರೂ ಬಂದಿದ್ದರು. ದಪ್ಪ ಮೀಸೆ, ಇಸ್ತ್ರಿ ಪ್ಯಾಂಟು. ಯಾವುದನ್ನೂ ಒಂದೇ ಸಲಕ್ಕೆ ಒಪ್ಪದ ಮುಖ. ಡಬ್ಬಿ ನೆಟ್ಟಗಿತ್ತು. ಸಿಗ್ನಲ್ಲು ನೆಟ್ಟಗಿತ್ತು.

"ಏನೂ ಆಗಿಲ್ಲ. ಅಂದ್ರೆ ಸಿಡಿಲು ಬಿದ್ದಿಲ್ಲ" ಅಂದರು ಇನ್ಸ್‌ಪೆಕ್ಟರು.

"ಬಿದ್ದಿದ್ರಿಂದ್ಲೇ ಏನೂ ಆಗಿಲ್ಲ ಸಾರ್. ಡಬ್ಬಿ ಇತ್ತಲ್ಲ!" ಅಂದೆ ನಾನು.

"ಬಿದ್ದಿದ್ದಕ್ಕೆ ಸಾಕ್ಷಿ ಏನ್ರೀ?"

ಸಾಕ್ಷಿಗೆ ಇದ್ದಿದ್ದು ಸ್ಟೇಷನ್ ಮಾಸ್ಟರು ಒಬ್ಬರೇ. ಇನ್ನೇನು ನಿವೃತ್ತಿಯಾಗೋ ವಯಸ್ಸು, ಸಾಧು ಮನುಷ್ಯ. "ನೀವು ನೋಡಿದ್ರಾ?" ಅಂತ ಇನ್ಸ್‌ಪೆಕ್ಟರು ಕೇಳಿದರು.

"ಸಿಡಿಲನ್ನ ನೋಡ್ತಾರೇನು ಸಾರ್? ಕಣ್ಣು ಮುಚ್ಚಿಕೊಂಡು ಅರ್ಜುನ, ಫಲ್ಗುಣ, ಪಾರ್ಥ, ಕಿರೀಟಿ ಅಂತಿದ್ದೆ. ಹಳಿ ಬದಲಾಯಿಸೋ ಪಾಯಿಂಟ್ಸ್‌ಮನ್ನೂ ಹಾಗೇ. ಗೇಟಿನವನೂ ಹಾಗೇ."

ಇಡೀ ಸ್ಟೇಷನ್ನಿನ ಸಿಬ್ಬಂದಿಯಲ್ಲಿ ಕಣ್ಣು ಬಿಟ್ಟಿದ್ದವರು ಯಾರೂ ಇಲ್ಲ. ಹಿರಿಯರು ಕಲಿಸಿದ ಪದ್ಧತಿ. ನಾನೂ ಹೇಳ್ತೀನಿ, ಆದರೆ ಒಂದು ಕಣ್ಣು ಬಿಟ್ಟುಕೊಂಡು.

"ಸದ್ದಾದ್ರೂ ಕೇಳ್ತೋ ಇಲ್ವೋ?" ಅಂದರು ಯಜಮಾನರು.

"ಕೇಳ್ತು. ಅಷ್ಟು ಜೋರಾಗಿ ಬಿದ್ರೂ ನಮಗೇನೂ ಆಗಲಿಲ್ಲ. ಎಲ್ಲಾ ಆ ಹೆಸರಿನ ಮಹಿಮೆ."

ನನಗೆ ತಡೆಯಲಾಗಲಿಲ್ಲ. "ಮಾಸ್ಟ್ರೇ, ಹೋದ ವರ್ಷಾನೂ ಇದೇ ಹೆಸರು ಹೇಳ್ತಿದ್ರಿ ತಾನೇ?"

"ಹೂಂ."

"ಹೋದ ವರ್ಷ ಸಿಗ್ನಲ್ಲು ಸುಟ್ಟೋಗ್ತಿರಲಿಲ್ವಾ?"

"ಪ್ರತಿ ಸಲಾನೂ ಸುಟ್ಟೋಗ್ತಿತ್ತು."

"ಮತ್ತೆ ಈ ವರ್ಷ ಏನು ಬದಲಾಯ್ತು ಹೇಳಿ, ಸಾಹೇಬ್ರು ಕೇಳಿಸ್ಕೊಳ್ಳಲಿ!"

ಸ್ಟೇಷನ್ ಮಾಸ್ಟರು ಪ್ರಾಮಾಣಿಕವಾಗಿ ಯೋಚನೆ ಮಾಡಿದರು.

"ಈ ವರ್ಷ ಜೋರಾಗಿ ಹೇಳ್ತಿದೀನಿ" ಅಂದರು.

ಏನಾದ್ರೆ ಪಾಸು?

ಮಳೆಗಾಲ ಮುಗಿಯೋಕೆ ಬಂತು. ಪಾಸಿನ ಸುದ್ದಿ ಇಲ್ಲ. ಯಜಮಾನರು ಶೆಡ್ಡಿನ ಬಾಡಿಗೆಗೆ ದುಡ್ಡಿರೋದು ಇನ್ನೊಂದು ತಿಂಗಳಿಗೆ ಅಷ್ಟೇ ಅಂದುಬಿಟ್ಟರು. ಅಕ್ಕ ಕೂಡ ಬಾಯಿ ಮಾಡೋದು ಕಮ್ಮಿ ಮಾಡಿದಳು. ಅದರಿಂದ ನನಗೆ ಎಲ್ಲಕ್ಕಿಂತ ಹೆಚ್ಚು ಭಯ ಆಯ್ತು.

ಆಗ ಬಿತ್ತು ನೋಡಿ. ಸ್ಟೇಷನ್ ಪಕ್ಕದ ಹೊಂಗೆಮರ ಎರಡು ಸೀಳಾಯಿತು. ಈ ಸಲ ಸಾಕ್ಷಿಗೆ ಮರವೇ ಇತ್ತು. ನಾವು ಹೋಗಿ ನೋಡಿದರೆ ಸಿಗ್ನಲ್ಲು ಹಸಿರು ಹಾಕಿಕೊಂಡು ರೈಲನ್ನು ಕಳಿಸ್ತಾ ಇತ್ತು. ಡಬ್ಬಿ ಬಿಚ್ಚಿದೆ. ಒಳಗಿದ್ದ ನೀಲಿ ಬಿಲ್ಲೆಗಳು, ಝಟ್ಕಾನ ಭೂಮಿಗೆ ಇಳಿಸೋವು ಅವೇ, ಸಿಡಿದು ಕರಕಲಾಗಿದ್ದವು. ಸಿಡಿಲನ್ನು ಪೂರ್ತಿ ತಾವೇ ತಿಂದು, ಒಂದು ತುತ್ತನ್ನೂ ಒಳಗೆ ಬಿಟ್ಟಿರಲಿಲ್ಲ. ಯಜಮಾನರು ಮೊದಲ ಸಲ ನನ್ನ ಬೆನ್ನು ತಟ್ಟಿದರು.

ಇನ್ಸ್‌ಪೆಕ್ಟರು ಬಂದು ಡಬ್ಬಿಯೊಳಗೆ ಬಗ್ಗಿ ನೋಡಿದರು. ಮೂಗು ಮುಚ್ಚಿಕೊಂಡರು.

"ಫೇಲು."

"ಸಾರ್! ಸಿಗ್ನಲ್ಲು ಕೆಲಸ ಮಾಡ್ತಿದೆ" ಅಂದರು ಯಜಮಾನರು.

"ಮಾಡ್ತಿದೆ. ನಮ್ಮ ಸಾಮಾನು ಗಟ್ಟಿ ಕಣ್ರೀ. ಸಿಡಿಲು ಬಿತ್ತು, ನಮ್ಮದು ಉಳೀತು, ನಿಮ್ಮದು ಸುಟ್ಟೋಯ್ತು. ಇಷ್ಟಾದ ಮೇಲೂ ಪಾಸು ಮಾಡಿ ಅಂದ್ರೆ ಹೆಂಗೆ?"

ಯಜಮಾನರು ಇಂಗ್ಲಿಷಿನಲ್ಲಿ ಶುರುಮಾಡಿದರು. ವೋಲ್ಟು, ಆಂಪಿಯರು, ಜರ್ಮನಿ, ಜಪಾನು ಎಲ್ಲಾ ಬಂದುಹೋಯಿತು. ಇನ್ಸ್‌ಪೆಕ್ಟರು ಮೀಸೆ ಸವರ್ತಾ ಕೇಳಿಸಿಕೊಂಡರು. ಕೊನೆಗೆ, "ಸುಟ್ಟಿದೆಯೋ ಇಲ್ವೋ, ಅದು ಹೇಳಿ" ಅಂದರು. ಯಜಮಾನರು ಕನ್ನಡಕ ತೆಗೆದರು. ಮತ್ತೆ ಹಾಕಿಕೊಳ್ಳಲೇ ಇಲ್ಲ.

ನನ್ನ ಕಾಯಂ ಕೆಲಸ ಆ ಕರಕಲಿನ ಜೊತೆ ಅಲ್ಲಿ ಬಿದ್ದಿತ್ತು. ನಾನು ಮುಂದೆ ಬಂದೆ.

"ಸಾರ್, ಅವತ್ತು ಡಬ್ಬಿಗೆ ಏನೂ ಆಗಿರಲಿಲ್ಲ, ಸಿಡಿಲೇ ಬಿದ್ದಿಲ್ಲ ಅಂದ್ರಿ. ಇವತ್ತು ಬಿದ್ದಿದೆ, ಡಬ್ಬಿ ಸುಟ್ಟಿದೆ ಅಂತೀರಿ. ಹಾಗಾದ್ರೆ ಏನಾದ್ರೆ ಪಾಸು, ಅದಾದ್ರೂ ಹೇಳಿಬಿಡಿ."

ಇನ್ಸ್‌ಪೆಕ್ಟರಿಗೆ ಇದು ನ್ಯಾಯವಾದ ಪ್ರಶ್ನೆ ಅನ್ನಿಸಿತು. ಬೆರಳು ಮಡಿಸಿ ಹೇಳಿದರು. "ಸಿಡಿಲು ಬಿದ್ದಿರಬೇಕು. ಸಿಗ್ನಲ್ಲಿಗೆ ಏನೂ ಆಗಿರಬಾರದು. ಡಬ್ಬಿಗೂ ಏನೂ ಆಗಿರಬಾರದು. ಆದ್ರೆ ಡಬ್ಬಿ ಏನೋ ಮಾಡಿದೆ ಅಂತ ನನಗೆ ಕಾಣಬೇಕು."

"ಸರಿ ಸಾರ್" ಅಂದೆ. ಸ್ಕ್ರೂಡ್ರೈವರ್ ತೆಗೆದೆ. ಡಬ್ಬಿಯನ್ನು ಗೋಡೆಗೆ ಹಿಡಿದಿದ್ದ ಮೊದಲನೇ ಸ್ಕ್ರೂ ಬಿಚ್ಚಿದೆ.

"ಏನ್ರೀ ಮಾಡ್ತಿದೀರ?"

"ಫೇಲಾದ ಸಾಮಾನು ಸಾರ್. ವಾಪಸ್ ತಗೊಂಡು ಹೋಗ್ತೀವಿ. ನಿಮ್ಮ ಗಟ್ಟಿ ಸಾಮಾನು ಇದೆಯಲ್ಲ, ಇನ್ನು ಮೇಲೆ ಅದೊಂದೇ ಸಿಡಿಲಿಗೆ ನಿಂತ್ಕೊಳ್ಳಲಿ."

ಅವತ್ತು ಬೆಳಗ್ಗೆಯಿಂದಲೇ ಮೋಡ ಕವಿದಿತ್ತು. ನಾನು ಎರಡನೇ ಸ್ಕ್ರೂಗೆ ಕೈ ಹಾಕೋ ಹೊತ್ತಿಗೆ ದೂರದಲ್ಲಿ ಗುಡುಗಿತು. ಇನ್ಸ್‌ಪೆಕ್ಟರು ಮೇಲೆ ನೋಡಿದರು. ಆಮೇಲೆ ಸೀಳಿದ ಹೊಂಗೆಮರ ನೋಡಿದರು.

"ಇರ್ಲಿ ಬಿಡ್ರೀ. ಸದ್ಯಕ್ಕೆ ಇರ್ಲಿ."

"ಸುಟ್ಟೋಗಿದೆ ಸಾರ್. ಇದ್ರೂ ಒಂದೇ, ಇಲ್ದಿದ್ರೂ ಒಂದೇ. ಬಿಲ್ಲೆ ಹೊಸದು ಹಾಕ್ಬೇಕು."

"ಹಾಕಿ ಮತ್ತೆ!"

"ಫೇಲಾದ ಡಬ್ಬಿಗೆ ಹೊಸ ಬಿಲ್ಲೆ ಹೆಂಗೆ ಹಾಕೋದು ಸಾರ್?"

ಇನ್ನೊಂದು ಗುಡುಗು. ಈ ಸಲ ಪ್ಲಾಟ್‌ಫಾರಂನ ಶೀಟು ಅದುರಿತು. ಸ್ಟೇಷನ್ ಮಾಸ್ಟರು ಇನ್ಸ್‌ಪೆಕ್ಟರ ಕಿವಿ ಹತ್ತಿರ ಬಂದು, "ಸಾರ್, ಇನ್ನು ಸ್ವಲ್ಪ ಹೊತ್ತಿಗೆ ದೊಡ್ಡ ಸಾಹೇಬರ ಸ್ಪೆಷಲ್ ಗಾಡಿ ಇದೇ ದಾರೀಲಿ ಬರುತ್ತೆ. ಕೆಂಪಿಗೆ ನಿಂತ್ರೆ ಯಾರ ಸೈನು ಅಂತ ಕೇಳ್ತಾರೆ" ಅಂದರು. ತಗ್ಗಿದ ದನಿಯಲ್ಲೇ ಹೇಳಿದರು, ಆದರೆ ಇಷ್ಟು ಕೆಲಸ ಮಾಡಿದ ಮಾತನ್ನು ನಾನು ಕೇಳಿಲ್ಲ.

"ಪೆನ್ ಕೊಡ್ರೀ" ಅಂದರು ಇನ್ಸ್‌ಪೆಕ್ಟರು.

ಯಜಮಾನರು ಪೆನ್ನು ಕೊಟ್ಟರು. ಇನ್ಸ್‌ಪೆಕ್ಟರು ಅರ್ಧ ಬರೆದು ತಲೆ ಎತ್ತಿದರು. "ಒಂದು ಮಾತು. ಹಿಂಗೇ ಪ್ರತಿ ಸಿಡಿಲಿಗೂ ಸುಡ್ತಾ ಹೋದ್ರೆ, ಆ ಮಳೇಲಿ ಬಂದು ಬದಲಾಯಿಸೋನು ಯಾವನು?"

ಯಜಮಾನರು ಯೋಚಿಸ್ತಿದ್ದರು. ಯೋಚಿಸೋದು ನನ್ನ ಜಾಯಮಾನ ಅಲ್ಲ.

"ನಾನು ಬರ್ತೀನಿ ಸಾರ್! ಒಂದು ಸ್ಟೇಷನ್ ಯಾಕೆ, ಇಡೀ ಲೈನಿಗೆ ನಾನೊಬ್ಬನೇ ಸಾಕು!"

ಇನ್ಸ್‌ಪೆಕ್ಟರು ಅದನ್ನೂ ಬರೆದುಕೊಂಡರು. ಆಮೇಲೆ ಸೈನು ಹಾಕಿದರು. ನಾನು ಚೀಲದಲ್ಲಿ ತಂದಿದ್ದ ಹೊಸ ಬಿಲ್ಲೆ ಕೂರಿಸಿದೆ. ಮಳೆ ಹುಯ್ಯಿತು, ಸ್ಪೆಷಲ್ ಗಾಡಿ ಹಸಿರಿನಲ್ಲಿ ಹೋಯಿತು, ಯಾರೂ ನಮ್ಮ ಕಡೆ ತಿರುಗಿ ನೋಡಲಿಲ್ಲ. ನಮ್ಮ ಕೆಲಸ ಗೆದ್ದರೆ ಹೀಗೇ ಇರುತ್ತೆ.

ಆರ್ಡರು ಇಡೀ ಲೈನಿಗೇ ಬಂತು. ಮುಂದಿನ ವಾರ ಯಜಮಾನರು ನನ್ನನ್ನು ಕರೆದರು. ಕಾಯಂ ಕೆಲಸ ಕೊಟ್ಟರು. ಸಿಡಿಲು ಬಿದ್ದಾಗಲೆಲ್ಲ ಎಲ್ಲಾ ಸ್ಟೇಷನ್ನಿಗೂ ಹೋಗಿ ಬಿಲ್ಲೆ ಬದಲಾಯಿಸೋ ಜವಾಬ್ದಾರಿ ಕೊಟ್ಟರು. ಮಳೆಯಲ್ಲಿ ಹಾಕಿಕೊಳ್ಳೋಕೆ ಒಂದು ರೈನ್‌ಕೋಟು ಕೊಟ್ಟರು. ಅದರ ಗುಂಡಿಗಳು, ಸಿಡಿಲಿಗೆ ದಾರಿ ತೋರಿಸೋ ಹಾಗೆ, ಹಿತ್ತಾಳೆಯವು.